ಲೇಖಕನೇ ಪ್ರಕಾಶಕನಾದಾಗ

ಕಳೆದ ಜನವರಿಯ ಮೊದಲ ವಾರದಲ್ಲಿ ನಮ್ಮ ಸಂಘದ ಹತ್ತು ಹನ್ನೆರಡು ಮಂದಿ ವಿಜಯವಾಡಕ್ಕೆ ಪ್ರವಾಸ ಹೋಗಿದ್ದೆವು. ಹೊಸ ವರ್ಷದ ಆರಂಭದಲ್ಲಿ ಅಲ್ಲಿ ನಡೆಯುವ ಪುಸ್ತಕ ಮಹೋತ್ಸವವನ್ನು ನೋಡುವುದು ಒಂದು ಉದ್ದೇಶ. ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ ಕೊಂಡಪಲ್ಲಿಗೆ ಹೋಗಿ ಗೊಂಬೆ ಮಾಡುವವರ ಬೀದಿಯನ್ನು ಕಾಣುವುದು ಇನ್ನೊಂದು. ಕೃಷ್ಣದೇವರಾಯನ ಕಳಿಂಗ ದಂಡಯಾತ್ರೆಯಲ್ಲಿ ವಿಜಯನಗರದ ವಶವಾದ ಕೋಟೆ ಈ ಊರಿನ ಗುಡ್ಡದ ಮೇಲಿದೆ. ನಮ್ಮಲ್ಲಿ ಗುಡ್ಡ ಹತ್ತಿದವರು ನಾಲ್ವರು ಮಾತ್ರ. ಉಳಿದವರೆಲ್ಲ ಗೊಂಬೆಗಳ ಮುಂದೆ ಕೂತುಬಿಟ್ಟರು.

ಕೊಂಡಪಲ್ಲಿಯ ಗೊಂಬೆಗೆ 'ತೆಲ್ಲ ಪೊಣಿಕಿ' ಎಂಬ ಹಗುರವಾದ ಮರ. ಕೈ, ಕಾಲು, ತಲೆ, ಎಲ್ಲವನ್ನೂ ಬೇರೆ ಬೇರೆಯಾಗಿ ಕೆತ್ತಿ, ಹುಣಿಸೆಬೀಜದ ಅಂಟಿಗೆ ಮರದ ಹೊಟ್ಟು ಕಲಸಿ ಜೋಡಿಸುತ್ತಾರೆ. ಸುಣ್ಣ ಬಳಿದು ಒಣಗಿಸಿ ಬಣ್ಣ ಹಚ್ಚುತ್ತಾರೆ. ಮನೆಯ ಒಳಗೆ ತಯಾರಿ, ಮನೆಯ ಮುಂದೆ ಮಾರಾಟ. ಅಂಬಾರಿ ಹೊತ್ತ ಆನೆಯೊಂದನ್ನು ಕೊಂಡು ಕೈಚೀಲಕ್ಕೆ ಹಾಕಿಕೊಳ್ಳುತ್ತ ನಮ್ಮ ಹಿರಿಯ ಮಿತ್ರರೊಬ್ಬರು ನನಗೆ ಹೇಳಿದರು: "ನೋಡ್ರಿ, ಇವರು ತಾವ ಮಾಡತಾರ, ತಾವ ಮಾರತಾರ. ನಡುವ ಯಾರೂ ಇಲ್ಲ. ನಾ ಯಾಕ ಹಂಗ ಮಾಡಬಾರದು?"

ಅವರ ಮಾತಿನ ಹಿನ್ನೆಲೆ ನನಗೆ ಗೊತ್ತಿತ್ತು. ಹಾವೇರಿ ಕಡೆಯ ಈ ಹಿರಿಯರು ನಲವತ್ತು ವರ್ಷ ಹೊರನಾಡಿನಲ್ಲಿ ನೌಕರಿ ಮಾಡಿ ನಿವೃತ್ತರಾದವರು. ತಮ್ಮ ಊರಿನ ನೆನಪುಗಳನ್ನು ಎರಡು ದಪ್ಪ ನೋಟ್ ಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ. ಇಬ್ಬರು ಪ್ರಕಾಶಕರಿಗೆ ಕಳಿಸಿದ್ದರು. ಒಬ್ಬರಿಂದ ಉತ್ತರ ಬರಲಿಲ್ಲ. ಇನ್ನೊಬ್ಬರು ಮುದ್ರಣದ ವೆಚ್ಚವನ್ನು ಲೇಖಕರೇ ಭರಿಸಬೇಕು ಎಂದರು. ಮೊಮ್ಮಗಳು, "ಅಜ್ಜಾ, ಆನ್‌ಲೈನ್‌ನಲ್ಲಿ ನೀವೇ ಹಾಕಬಹುದು, ಒಂದು ಸಂಜೆ ಸಾಕು" ಎಂದಿದ್ದಾಳೆ. ಹಾಕಬಹುದೆ? ಹಾಕಬೇಕೆ? ಹಾಕಿದರೆ ಏನು ದೊರೆಯುತ್ತದೆ, ಏನು ಕೈಬಿಟ್ಟುಹೋಗುತ್ತದೆ? ಈ ಪ್ರಶ್ನೆ ಅವರೊಬ್ಬರದಲ್ಲ. ಹೊರನಾಡಿನ ಕನ್ನಡ ಸಂಘಗಳಲ್ಲೆಲ್ಲ ಇಂತಹ ಹಸ್ತಪ್ರತಿಗಳು ಕಪಾಟುಗಳಲ್ಲಿ ಮಲಗಿವೆ. ಆದುದರಿಂದ ಈ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸಬಹುದು.

ಮೊದಲು ಒಂದು ಭ್ರಮೆಯನ್ನು ತೊಡೆಯಬೇಕು. ಲೇಖಕನೇ ತನ್ನ ಪುಸ್ತಕದ ಪ್ರಕಾಶಕನಾಗುವುದು ಅಂತರಜಾಲ ತಂದ ಹೊಸತೇನಲ್ಲ. ಕನ್ನಡದಲ್ಲಿ ಅದು ಗೌರವದ ಹಳೆಯ ಸಂಪ್ರದಾಯ. ನಮ್ಮ ಮಿತ್ರರ ಜಿಲ್ಲೆಯವರೇ ಆದ ಗಳಗನಾಥರು (1869-1942) ಶಾಲಾ ಮಾಸ್ತರಿಕೆ ಮಾಡಿದವರು. 'ಸದ್ಬೋಧ ಚಂದ್ರಿಕೆ'ಯನ್ನು ಸಂಪಾದಿಸಿದವರು. ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಕನ್ನಡದಲ್ಲಿ ಓದುವ ರೂಢಿಯೇ ತೆಳುವಾಗಿದ್ದ ಕಾಲದಲ್ಲಿ ಅವರು 'ಮಾಧವ ಕರುಣಾವಿಲಾಸ'ದಂತಹ ಕೃತಿಯನ್ನು ಜನರ ಮನೆಬಾಗಿಲಿಗೆ ಒಯ್ದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ತಮ್ಮದೇ ಮುದ್ರಣಾಲಯ ನಡೆಸಿದರು. ಪೂರ್ಣಚಂದ್ರ ತೇಜಸ್ವಿಯವರು ಮಿತ್ರರೊಡನೆ 'ಪುಸ್ತಕ ಪ್ರಕಾಶನ'ವನ್ನು ಕಟ್ಟಿ ತಮ್ಮ ಕೃತಿಗಳನ್ನು ತಮಗೆ ಒಪ್ಪುವ ರೂಪದಲ್ಲಿ ಹೊರತಂದರು. ಕಂಪ್ಯೂಟರಿನಲ್ಲಿ ಕನ್ನಡ ನೆಲೆಗೊಳ್ಳಬೇಕೆಂದು ತಂತ್ರಾಂಶದ ಕೆಲಸಕ್ಕೂ ಕೈ ಹಾಕಿದರು. ಇವರಲ್ಲಿ ಯಾರನ್ನೂ 'ಪ್ರಕಾಶಕರು ಸಿಗದೆ ಸ್ವಂತಕ್ಕೆ ಅಚ್ಚು ಹಾಕಿಸಿಕೊಂಡವರು' ಎಂದು ಯಾರೂ ಹೀಗಳೆಯಲಾರರು.

ಆದರೆ ಸಾಮಾನ್ಯ ಲೇಖಕನಿಗೆ ಈ ದಾರಿ ಬಹಳ ದುಬಾರಿಯಾಗಿತ್ತು. ಆಫ್‌ಸೆಟ್ ಮುದ್ರಣದಲ್ಲಿ ಪ್ರತಿಯ ಬೆಲೆ ಇಳಿಯಬೇಕಾದರೆ ಐನೂರೋ ಸಾವಿರವೋ ಪ್ರತಿ ಒಮ್ಮೆಗೇ ಅಚ್ಚಾಗಬೇಕು. ಬಿಡುಗಡೆಯ ದಿನ ಹಾರ, ಶಾಲು, ಭಾಷಣ. ಐವತ್ತು ಪ್ರತಿ ನೆಂಟರಿಗೆ, ಮೂವತ್ತು ಸಂಘದವರಿಗೆ. ಉಳಿದ ಕಟ್ಟುಗಳು ಮಂಚದ ಕೆಳಗೆ. ಎರಡು ಕೋಣೆಯ ಮನೆಯಲ್ಲಿ ಮಂಚದ ಕೆಳಗಿನ ಜಾಗಕ್ಕೂ ಬೆಲೆಯುಂಟು. ಗೃಹಿಣಿಯ ಮುಖ ನೋಡಿಯೇ ಲೇಖಕನ ಎರಡನೆಯ ಪುಸ್ತಕ ನಿಂತುಹೋಗುತ್ತದೆ. ಕರ್ನಾಟಕದಲ್ಲಿದ್ದವನಿಗೆ ಪುಸ್ತಕದ ಅಂಗಡಿ, ಗ್ರಂಥಾಲಯ ಇಲಾಖೆಯ ಖರೀದಿ ಎಂಬ ಆಸೆಗಳಾದರೂ ಇವೆ. ಹೊರನಾಡಿನವನಿಗೆ ಅವೂ ದೂರ.

ಅಂತರಜಾಲ ಈ ಮಂಚದ ಕೆಳಗಿನ ಸಮಸ್ಯೆಯನ್ನು ಬಹುಮಟ್ಟಿಗೆ ಬಿಡಿಸಿದೆ ಎಂಬುದನ್ನು ಮೊದಲು ಒಪ್ಪಬೇಕು. ಇಂದು ಲೇಖಕನ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು, ಬೇಡಿಕೆ ಬಂದಷ್ಟೇ ಮುದ್ರಿಸುವ ಪದ್ಧತಿ. ಲೇಖಕನು ಪುಟ ಕಟ್ಟಿದ ಕಡತವನ್ನೂ ಮುಖಪುಟವನ್ನೂ ಒಪ್ಪಿಸುತ್ತಾನೆ. ಓದುಗನೊಬ್ಬ ಹಣ ಕಟ್ಟಿದಾಗ ಒಂದು ಪ್ರತಿ ಅಚ್ಚಾಗಿ ಅವನ ಮನೆಗೆ ಹೋಗುತ್ತದೆ. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ಪೋಥಿ ಡಾಟ್ ಕಾಮ್ ಈ ಬಗೆಯದು. ಇಲ್ಲಿ ದಾಸ್ತಾನಿಲ್ಲ, ಮಂಚದ ಕೆಳಗೆ ಕಟ್ಟಿಲ್ಲ. ಪುಸ್ತಕ 'ಪ್ರತಿಗಳು ಮುಗಿದಿವೆ' ಎನ್ನಿಸಿಕೊಳ್ಳುವುದೂ ಇಲ್ಲ. ಆದರೆ ಒಂಟಿ ಪ್ರತಿಯ ಮುದ್ರಣ ಅಗ್ಗವಲ್ಲ; ಅದಕ್ಕೆ ಅಂಚೆಯ ವೆಚ್ಚ ಸೇರಿದರೆ ತೆಳ್ಳನೆಯ ಪುಸ್ತಕವೂ ಅಂಗಡಿಯ ಪುಸ್ತಕಕ್ಕಿಂತ ತುಟ್ಟಿಯಾಗಿ ಕಾಣುತ್ತದೆ. ನೂರು ಜನ ನಿಶ್ಚಿತ ಓದುಗರಿರುವ ನೆನಪಿನ ಪುಸ್ತಕಕ್ಕೆ, ಕುಟುಂಬ ಚರಿತ್ರೆಗೆ, ಹಳೆಯ ಪುಸ್ತಕದ ಮರುಮುದ್ರಣಕ್ಕೆ ಇದು ಒಳ್ಳೆಯ ದಾರಿ.

ಎರಡನೆಯದು ಇ-ಪುಸ್ತಕ. ಇಲ್ಲಿ ಕಾಗದವೇ ಇಲ್ಲ. ಮೊಬೈಲಿನಲ್ಲಿಯೋ ಓದುಪಟ್ಟಿಯಲ್ಲಿಯೋ ಓದುವುದು. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡ ಇ-ಪುಸ್ತಕಗಳು ದೊರೆಯುತ್ತವೆ. ಕನ್ನಡಕ್ಕೆಂದೇ 2020ರಲ್ಲಿ ಮೈಲ್ಯಾಂಗ್ ಆರಂಭವಾಯಿತು. ಅದರಲ್ಲಿ ಕೇಳುವ ಪುಸ್ತಕಗಳೂ ಇವೆ. ವಿದೇಶದಲ್ಲಿರುವ ಮಗನಿಗೋ ಕಣ್ಣು ಮಂಜಾಗಿ ಅಕ್ಷರ ದೊಡ್ಡದು ಮಾಡಿಕೊಳ್ಳಬೇಕಾದ ಅಜ್ಜಿಗೋ ಇದು ವರದಾನವೇ ಸರಿ.

ಇಲ್ಲಿ ಒಂದು ಕಹಿ ಸಂಗತಿಯನ್ನು ನೆನೆಯಬೇಕು. ಇ-ಪುಸ್ತಕವೆಂದರೆ ಜಗತ್ತು ಮೊದಲು ಹೇಳುವ ಹೆಸರು ಅಮೆಜಾನಿನ ಕಿಂಡಲ್. ಅದು 2007ರಲ್ಲಿ ಬಂತು. 2016ರ ಡಿಸೆಂಬರಿನಲ್ಲಿ ಭಾರತೀಯ ಭಾಷೆಗಳಿಗೆ ಅದು ಬಾಗಿಲು ತೆರೆದಾಗ ಒಳಗೆ ಹೋದವು ಐದು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ. ಕನ್ನಡ ಹೊರಗೆ ನಿಂತಿತು. ತೆಲುಗೂ ಹೊರಗೆ ನಿಂತಿತು. ವಿಜಯವಾಡದ ಮಹೋತ್ಸವದಲ್ಲಿ ಮಳಿಗೆಯಿಂದ ಮಳಿಗೆಗೆ ಅಲೆಯುತ್ತಿದ್ದಾಗ ನನಗೆ ಇದೇ ನೆನಪಾಗುತ್ತಿತ್ತು. ತೆಲುಗು ಪ್ರಕಾಶನದ ಹಳೆಯ ನೆಲೆಯಾದ ಆ ಊರಿನಲ್ಲಿ ಪುಸ್ತಕಕ್ಕಾಗಿ ಜನ ನೂಕುನುಗ್ಗಲು ಮಾಡುತ್ತಿದ್ದಾರೆ. ಕೋಟಿಗಟ್ಟಲೆ ಜನ ಆಡುವ ಭಾಷೆಗಳು ಎರಡು, ಹಾಗಿದ್ದೂ ದೊಡ್ಡ ವ್ಯಾಪಾರಿಯ ಪಟ್ಟಿಯಲ್ಲಿ ಜಾಗವಿರಲಿಲ್ಲ. 'ಆನ್‌ಲೈನ್‌ನಲ್ಲಿ ಎಲ್ಲರಿಗೂ ಸಮಾನ ಅವಕಾಶ' ಎನ್ನುವವರು ಈ ಪಟ್ಟಿಯನ್ನು ಒಮ್ಮೆ ನೋಡಬೇಕು. ಹಳೆಯ ಕಾಲದಲ್ಲಿ ಪ್ರಕಾಶಕ ಒಬ್ಬ ಲೇಖಕನಿಗೆ ಬಾಗಿಲು ಮುಚ್ಚುತ್ತಿದ್ದ. ಈಗ ಒಂದು ಸಂಸ್ಥೆ ಇಡೀ ಭಾಷೆಗೇ ಬಾಗಿಲು ಮುಚ್ಚಬಲ್ಲುದು.

ಮೂರನೆಯ ದಾರಿ, ಓದುತಾಣಗಳದು. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರತಿಲಿಪಿ ಇದಕ್ಕೆ ಉದಾಹರಣೆ. ಇಲ್ಲಿ ಪುಸ್ತಕ ಎಂಬ ಕಟ್ಟಡವೇ ಬೇಕಿಲ್ಲ. ಇವತ್ತು ಒಂದು ಅಧ್ಯಾಯ, ನಾಡಿದ್ದು ಇನ್ನೊಂದು. ಓದಿದವರು ತಾರೆಗಳ ಗುರುತು ಹಾಕುತ್ತಾರೆ, ಎರಡು ಸಾಲಿನ ಅಭಿಪ್ರಾಯ ಬರೆಯುತ್ತಾರೆ. ಮನೆಗೆಲಸದ ನಡುವೆ ಅಡುಗೆಮನೆಯಲ್ಲಿ ಕೂತು ಬರೆಯುವವರಿಗೂ ಓದುಗರನ್ನು ಒದಗಿಸಿಕೊಟ್ಟದ್ದು ಇದರ ದೊಡ್ಡ ಗುಣ. ಧಾರಾವಾಹಿಯ ರುಚಿ ನಮಗೆ ಹೊಸದೂ ಅಲ್ಲ. 'ಸುಧಾ' ವಾರಪತ್ರಿಕೆ 1965ರಲ್ಲಿ ಬಂದಂದಿನಿಂದ ಧಾರಾವಾಹಿಯ ಪುಟವನ್ನು ಮೊದಲು ತೆರೆಯುವ ಓದುಗರು ಎಷ್ಟಿರಲಿಲ್ಲ! ಆದರೆ ವ್ಯತ್ಯಾಸ ಒಂದಿದೆ. ವಾರಪತ್ರಿಕೆಯಲ್ಲಿ ಲೇಖಕ ಮತ್ತು ಓದುಗರ ನಡುವೆ ಸಂಪಾದಕನಿದ್ದ. ಇಲ್ಲಿ ಅವನ ಜಾಗದಲ್ಲಿ ಎಣಿಕೆ ಇದೆ. ಎಷ್ಟು ಜನ ತೆರೆದರು ಎಂಬುದನ್ನು ಎಣಿಕೆ ಹೇಳುತ್ತದೆ; ಏಕೆ ಮಧ್ಯದಲ್ಲಿ ಮುಚ್ಚಿದರು ಎಂಬುದನ್ನು ಹೇಳುವುದಿಲ್ಲ. ಎಣಿಕೆಗೆ ಬರೆಯುವವನು ಪ್ರತಿ ಅಧ್ಯಾಯದ ಕೊನೆಯಲ್ಲಿ ಒಂದು ಕೊಕ್ಕೆ ಸಿಕ್ಕಿಸುವುದನ್ನು ಬೇಗ ಕಲಿಯುತ್ತಾನೆ. ಪಾತ್ರವನ್ನು ಬೆಳೆಸುವುದನ್ನು ಕಲಿಯುತ್ತಾನೆಯೆ ಎಂಬುದು ಅನುಮಾನ.

ಯಾವ ದಾರಿ ಹಿಡಿದರೂ ಕೆಲವು ವ್ಯವಹಾರದ ಮಾತುಗಳನ್ನು ಮರೆಯಬಾರದು. ಬರಹವನ್ನು ಯುನಿಕೋಡ್‌ನಲ್ಲಿಯೇ ಸಿದ್ಧಪಡಿಸಬೇಕು. ಕನ್ನಡ ಲಿಪಿ 1991ರಿಂದಲೇ ಯುನಿಕೋಡ್ ಶಿಷ್ಟತೆಯಲ್ಲಿದೆ. ಹಳೆಯ ಬಗೆಯ ಅಕ್ಷರಗಳಲ್ಲಿ ಬೆರಳಚ್ಚಿಸಿದ ಎಷ್ಟೋ ಬರಹಗಳು ಇಂದು ತೆರೆದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಕಷ್ಟಪಟ್ಟು ಬರೆದದ್ದು ತನ್ನ ಕಣ್ಣಿಗೇ ಓದಲಾಗದಂತಾಗುವುದು ಎಂತಹ ವಿಪರ್ಯಾಸ! ಇ-ಪುಸ್ತಕಕ್ಕೆ ಪಿಡಿಎಫ್ ಕಡತ ಕೊಟ್ಟರೆ ಮೊಬೈಲಿನ ಪುಟ್ಟ ತೆರೆಯಲ್ಲಿ ಪುಟವನ್ನು ಅತ್ತಿತ್ತ ಎಳೆದಾಡುತ್ತ ಓದಬೇಕಾಗುತ್ತದೆ. ತೆರೆಗೆ ತಕ್ಕಂತೆ ಸಾಲು ಮುರಿದುಕೊಳ್ಳುವ ಇಪಬ್ ರೂಪವೇ ಮೇಲು.

ಕಾಯಿದೆಯ ಮಾತುಗಳೂ ಇವೆ. ಕರಾರಿನ ಪುಟವನ್ನು ಓದದೆ 'ಒಪ್ಪಿದೆ' ಎಂದು ಗುಂಡಿ ಒತ್ತುವುದು ನಮ್ಮೆಲ್ಲರ ಚಾಳಿ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕಿನ ವರ್ಗಾವಣೆಯ ಪತ್ರದಲ್ಲಿ ಅವಧಿ ಹೇಳದಿದ್ದರೆ ಅದು 5 ವರ್ಷವೆಂದೂ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಸೀಮಿತವೆಂದೂ ಅರ್ಥ. ಲೇಖಕನ ಮರಣಾನಂತರ 60 ವರ್ಷ ಉಳಿಯುವ ಆಸ್ತಿಯನ್ನು ಒಂದು ಗುಂಡಿಗೆ ಕೊಟ್ಟುಬಿಡುವ ಮೊದಲು ಅವಧಿ ಎಷ್ಟು, ಹಕ್ಕು ಯಾವುದು ಎಂದು ನೋಡಬೇಕಲ್ಲವೆ? ಐಎಸ್‌ಬಿಎನ್ ಸಂಖ್ಯೆಯನ್ನು ದಿಲ್ಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿಯೇ ಕೊಡುತ್ತದೆ. ಲೇಖಕರೂ ನೇರವಾಗಿ ಅರ್ಜಿ ಹಾಕಬಹುದು. ಅದಕ್ಕೆಂದು ಯಾರಾದರೂ ಹಣ ಕೇಳಿದರೆ ಎಚ್ಚರವಿರಲಿ.

ಇನ್ನು ನೆನಪಿನ ಪ್ರಶ್ನೆ. 1954ರ ಪುಸ್ತಕ ಒಪ್ಪಿಸುವ ಕಾಯಿದೆ ಪ್ರಕಾಶಕನು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಮದರಾಸು, ಮುಂಬಯಿ, ದಿಲ್ಲಿಗಳ ನಿಯಮಿತ ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕೆನ್ನುತ್ತದೆ. ಕಾಗದದ ಪುಸ್ತಕವನ್ನು ಕಣ್ಣೆದುರು ಇಟ್ಟುಕೊಂಡು ಮಾಡಿದ ಕಾಯಿದೆ ಅದು. ಬರಿಯ ಇ-ಪುಸ್ತಕವಾಗಿ ಹುಟ್ಟಿದ ಕೃತಿ ತಾಣ ಮುಚ್ಚಿದ ದಿನ ಎಲ್ಲಿ ಹೋಗುತ್ತದೆ? ತೆರಿಗೆಯ ಲೆಕ್ಕದಲ್ಲೂ ಇದೇ ಭೇದ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. 2018ರಲ್ಲಿ ಇ-ಪುಸ್ತಕದ ತೆರಿಗೆಯನ್ನು ಶೇಕಡ 18ರಿಂದ 5ಕ್ಕೆ ಇಳಿಸಿದಾಗಲೂ ಆ ರಿಯಾಯಿತಿ ಮುದ್ರಿತ ರೂಪ ಇರುವ ಪುಸ್ತಕಗಳಿಗೆ ಮಾತ್ರ. ಕಾಗದದಲ್ಲಿರುವುದೇ ಪುಸ್ತಕ ಎಂಬುದು ಸರಕಾರದ ಮನಸ್ಸಿನಲ್ಲೂ ಇದ್ದಂತಿದೆ. ಆದುದರಿಂದ ಇ-ಪುಸ್ತಕ ಮಾಡಿದವರೂ ಹತ್ತು ಪ್ರತಿಯನ್ನಾದರೂ ಅಚ್ಚು ಮಾಡಿಸಿ ಗ್ರಂಥಾಲಯಗಳಿಗೆ ಕೊಡುವುದು ಜಾಣತನ.

ಇಷ್ಟೆಲ್ಲ ಸೌಕರ್ಯದ ಮಾತಾಯಿತು. ಸೌಕರ್ಯ ಬೇರೆ, ಸಾಹಿತ್ಯ ಬೇರೆ. ಈಚಿನ ಎರಡು ಮೂರು ವರ್ಷಗಳಲ್ಲಿ ಸ್ವಂತ ಪ್ರಕಾಶನದ ಆನ್‌ಲೈನ್ ಪುಸ್ತಕಗಳನ್ನು ನಾನು ಗಮನವಿಟ್ಟು ಓದುತ್ತ ಬಂದಿದ್ದೇನೆ. ಅಲ್ಲಿ ಅನುಭವಕ್ಕೆ ಬಡತನವಿಲ್ಲ. ಕಾರ್ಖಾನೆಯ ಪಾಳಿ, ದುಬೈಯ ಬಿಸಿಲು, ವರ್ಗಾವಣೆಯ ಬದುಕು, ವೃದ್ಧರ ಒಂಟಿತನ, ಇವೆಲ್ಲ ಹಳೆಯ ಪ್ರಕಾಶಕರ ಪಟ್ಟಿಯಲ್ಲಿ ಅಷ್ಟಾಗಿ ಕಾಣದ ವಸ್ತುಗಳು. ಆದರೆ ಬಹುಪಾಲು ಪುಸ್ತಕಗಳು ಎರಡನೆಯ ಕರಡಿನ ಹಂತದಲ್ಲಿಯೇ ಹೊರಬಂದಂತಿವೆ. ಅಕಾರ ಹಕಾರಗಳ ಅದಲುಬದಲು, ಒಂದೇ ಘಟನೆ ಎರಡು ಕಡೆ, ಹತ್ತು ಪುಟ ಬೇಕಾದ ಪ್ರಸಂಗಕ್ಕೆ ಹತ್ತು ಸಾಲು, ಹತ್ತು ಸಾಲು ಸಾಕಾದ ಉಪದೇಶಕ್ಕೆ ಹತ್ತು ಪುಟ. ಲೇಖಕರಿಗೆ ಶಕ್ತಿ ಇಲ್ಲವೆಂದಲ್ಲ. ಹಸ್ತಪ್ರತಿಯನ್ನು ಅವರಲ್ಲದೆ ಇನ್ನೊಬ್ಬರು ಓದಿಲ್ಲ. ಮುನ್ನುಡಿ ಬರೆದವರು ಓದಿದ್ದಾರೆಯೆ ಎಂಬುದೂ ಕೆಲವೊಮ್ಮೆ ಸಂಶಯ.

ಸ್ವಂತ ಪ್ರಕಾಶನದ ನಮ್ಮ ಹಿರಿಯರ ಉದಾಹರಣೆಯನ್ನು ನಾವು ಅರ್ಧ ಮಾತ್ರ ಕಲಿತಿದ್ದೇವೆ ಎನಿಸುತ್ತದೆ. ಗಳಗನಾಥರು ಪುಸ್ತಕ ಮಾರಿದ್ದು ಓದುಗನ ಮುಖಕ್ಕೆ ಮುಖ ಕೊಟ್ಟು. ಮುಂದಿನ ಸಲ ಅದೇ ಊರಿಗೆ ಹೋದಾಗ ಓದುಗನ ಮೆಚ್ಚಿಗೆಯನ್ನೂ ಬೇಸರವನ್ನೂ ಅವರು ಎದುರಿಸಬೇಕಿತ್ತು. ತೇಜಸ್ವಿಯವರ ಸುತ್ತ ಅವರೊಡನೆ ವಾದಿಸಬಲ್ಲ ಮಿತ್ರರಿದ್ದರು. ಪ್ರಕಾಶನವೇ ಒಂದು ಕೂಟವಾಗಬಹುದು ಎಂಬುದಕ್ಕೆ ಧಾರವಾಡದ ಮನೋಹರ ಗ್ರಂಥಮಾಲೆಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. 1933ರಲ್ಲಿ ಜಿ. ಬಿ. ಜೋಶಿಯವರು ಅದನ್ನು ಕಟ್ಟಿದ್ದು ಚಂದಾದಾರರ ಬಲದಿಂದ. ಮೊದಲೇ ಹಣ ಕೊಟ್ಟ ಓದುಗರು ಇದ್ದರು, ಅಟ್ಟದಲ್ಲಿ ಕೂತು ಹಸ್ತಪ್ರತಿಯನ್ನು ಓದಿ ಚರ್ಚಿಸುವ ಬಳಗವೂ ಇತ್ತು. ಕೀರ್ತಿನಾಥ ಕುರ್ತಕೋಟಿಯವರಂತಹ ವಿಮರ್ಶಕರು ಅದರ ಜೊತೆಗಿದ್ದರು. ಗಿರೀಶ ಕಾರ್ನಾಡರ 'ಯಯಾತಿ' 1961ರಲ್ಲಿ ಬಂದದ್ದು ಅಲ್ಲಿಂದ. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಬಂದದ್ದೂ ಅಲ್ಲಿಂದಲೇ. ಹಣದ ಸೌಕರ್ಯ ಅಲ್ಲಿ ಕಡಿಮೆಯೇ ಇದ್ದೀತು. ಎರಡನೆಯ ಕಣ್ಣಿಗೆ ಕೊರತೆ ಇರಲಿಲ್ಲ.

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪ ಉಂಟು. ಸಂಪಾದಕರೂ ಪ್ರಕಾಶಕರೂ ಸದಾ ಸರಿಯಾಗಿಯೇ ಅಳೆದರೆ? ಮುದ್ದಣನ ಪ್ರಸಂಗ ನೆನೆಯೋಣ. ನಂದಳಿಕೆಯ ಆ ಬಡ ಶಾಲಾ ಉಪಾಧ್ಯಾಯ ತಾನೇ ಬರೆದ ಕೃತಿಗಳನ್ನು ಯಾವನೋ ಹಳೆಯ ಕವಿಯದೆಂದು ಹೇಳಿ ಮೈಸೂರಿಗೆ ಕಳಿಸಿದ. ಹೊಸಬನ ಹೆಸರಿನಲ್ಲಿ ಕಳಿಸಿದರೆ ಯಾರು ನೋಡುತ್ತಾರೆ ಎಂಬ ಅಳುಕು ಅವನಿಗಿತ್ತು. 1901ರಲ್ಲಿ ಮೂವತ್ತೊಂದರ ಹರೆಯದಲ್ಲಿ ಅವನು ತೀರಿಕೊಂಡ. ಅವನೇ ಕರ್ತೃವೆಂದು ಲೋಕಕ್ಕೆ ಖಚಿತವಾದದ್ದು ಆಮೇಲೆ. ಇಂತಹ ಬಾಗಿಲುಗಳನ್ನು ಒಡೆದು ಹಾಕಿದ ಅಂತರಜಾಲವನ್ನು ನಾವು ಹೇಗೆ ದೂರಲಾದೀತು? ಖಂಡಿತ ದೂರಬೇಕಿಲ್ಲ. ಬಾಗಿಲು ಕಾಯುವವನು ಬೇರೆ, ಜೊತೆಗೆ ಕೂತು ಓದುವವನು ಬೇರೆ. ಮೊದಲನೆಯವನು ಹೋದದ್ದು ಲಾಭವೇ. ಅವನೊಡನೆ ಎರಡನೆಯವನನ್ನೂ ಕಳಿಸಿಬಿಟ್ಟದ್ದು ನಮ್ಮ ನಷ್ಟ.

ಮತ್ತೆ ನಮ್ಮ ಹಿರಿಯ ಮಿತ್ರರ ವಿಷಯಕ್ಕೆ ಬರುತ್ತೇನೆ. ಪ್ರವಾಸದಿಂದ ಮರಳಿದ ಮೇಲೆ ಅವರ ನೋಟ್ ಪುಸ್ತಕಗಳನ್ನು ಓದಲು ಕೇಳಿಕೊಂಡೆ. ಮೊದಲ ಎರಡು ಅಧ್ಯಾಯ ವಂಶಾವಳಿ, ಸನ್ಮಾನ, ವರ್ಗಾವಣೆಯ ಆದೇಶಗಳು. ನಾಲ್ಕನೆಯ ಅಧ್ಯಾಯದಲ್ಲಿ ಒಂದು ಕಡೆ ಎರಡೇ ಸಾಲು: ಬರಗಾಲದ ವರ್ಷ ಹಗೇವು ತೆಗೆದರು, ಒಳಗೆ ಇಳಿಯುವ ಮುನ್ನ ಅಪ್ಪ ದೀಪ ಇಳಿಬಿಟ್ಟ. ಅಷ್ಟೇ. ನಾನು ಕೇಳಿದೆ: "ದೀಪ ಯಾಕೆ ಇಳಿಬಿಡುತ್ತಿದ್ದರು?" ಅವರು ನಕ್ಕರು. "ಹಗೇವಿನ ಗಾಳಿ ಕೆಟ್ಟಿದ್ರ ದೀಪ ಆರತದ್ರೀ. ದೀಪ ಆರಿದ ಹಗೇವಿಗೆ ಮನುಷಾ ಇಳಿದ್ರ ಅವನೂ ಆರತಾನ" ಎಂದರು. ಆಮೇಲೆ ಒಂದು ತಾಸು ಮಾತಾಡಿದರು. ನೆಲದೊಳಗಿನ ಆ ಕಣಜದ ಬಾಯಿ ಮುಚ್ಚುವ ಬಗೆ, ಹೊರಗೆ ತೆಗೆದ ಜೋಳದ ವಾಸನೆ, ಯಾರ ಮನೆಗೆ ಎಷ್ಟು ಅಳೆದು ಕೊಟ್ಟರು, ಯಾರಿಗೆ ಕೊಡಲಿಲ್ಲ, ಕೊಡದೆ ಉಳಿದದ್ದಕ್ಕೆ ತಾಯಿ ಎಷ್ಟು ದಿನ ಅಪ್ಪನೊಡನೆ ಮಾತು ಬಿಟ್ಟಳು, ಎಲ್ಲವೂ ಬಂತು.

"ಇದು ಪುಸ್ತಕದಲ್ಲಿ ಯಾಕಿಲ್ಲ?" ಎಂದೆ.

"ಇದನ್ನ ಯಾರು ಓದತಾರ್ರೀ?"

ಮೊದಲ ಎರಡು ಅಧ್ಯಾಯ ತೆಗೆದರೆ ಒಳ್ಳೆಯದೆಂದು ಹೇಳಿದಾಗ ಅವರ ಮುಖ ಸಣ್ಣದಾಯಿತು. ಹದಿನೈದು ದಿನ ಸಂಘದ ಕಡೆ ಬರಲಿಲ್ಲ. ನನ್ನಿಂದ ಒಬ್ಬ ಹಿರಿಯರ ಮನಸ್ಸು ನೊಂದಿತೆಂದು ನಾನೂ ಕಳವಳಪಟ್ಟೆ. ಆಮೇಲೆ ಒಂದು ಭಾನುವಾರ ಬಂದರು. ಸನ್ಮಾನಗಳ ಅಧ್ಯಾಯ ಹೋಗಿತ್ತು. ವಂಶಾವಳಿ ಕೊನೆಗೆ ಒಂದು ಪುಟವಾಗಿತ್ತು. ಹಗೇವು ಒಂಬತ್ತು ಪುಟವಾಗಿತ್ತು. ಆ ಒಂಬತ್ತು ಪುಟ ನಾನು ಈಚೆಗೆ ಓದಿದ ಒಳ್ಳೆಯ ಕನ್ನಡ ಗದ್ಯಗಳಲ್ಲಿ ಒಂದು ಎಂದು ಸಂಕೋಚವಿಲ್ಲದೆ ಹೇಳುತ್ತೇನೆ. ಜನವರಿಯಲ್ಲಿಯೇ ಒಂದು ಸಂಜೆ ಕೂತು ಆನ್‌ಲೈನ್‌ಗೆ ಏರಿಸಿದ್ದರೆ ಅದು ಎರಡು ಸಾಲಾಗಿಯೇ ಉಳಿಯುತ್ತಿತ್ತು. ಬರೆಯಬಲ್ಲ ಒಬ್ಬರೂ ಇನ್ನು ಹತ್ತು ವರ್ಷದಲ್ಲಿ ಇರಲಾರರು. ಇದು ಬರಿಯ ಶೈಲಿಯ ಪ್ರಶ್ನೆಯಲ್ಲ.

ಕೊಂಡಪಲ್ಲಿಯಲ್ಲಿ ಅವರು ಹೇಳಿದ 'ನಡುವ ಯಾರೂ ಇಲ್ಲ' ಎಂಬ ಮಾತನ್ನು ಈಗ ಸ್ವಲ್ಪ ತಿದ್ದಬೇಕು. ನಾವು ಕೂತಿದ್ದ ಆ ಮನೆಯಲ್ಲಿ ಆನೆಯ ಮೈ ಕೆತ್ತಿದ್ದು ಒಬ್ಬರು, ಸೊಂಡಿಲನ್ನು ಅಂಟಿಸಿ ಉಜ್ಜಿದ್ದು ಇನ್ನೊಬ್ಬರು, ಕಣ್ಣು ಬರೆದದ್ದು ಮನೆಯ ಹೆಣ್ಣುಮಗಳು. ಬಣ್ಣ ಹಚ್ಚುವ ಮೊದಲು ಆಕೆ ಒಂದು ಆನೆಯನ್ನು ತಿರುಗಿಸಿ ನೋಡಿ, ಕಾಲು ಸಮವಿಲ್ಲವೆಂದು ಹಿಂದಕ್ಕೆ ಕೊಟ್ಟದ್ದನ್ನು ನಾನು ಕಂಡೆ. ಹೊರಗಿನ ವ್ಯಾಪಾರಿ ನಡುವೆ ಇರಲಿಲ್ಲ ನಿಜ. ಆದರೆ ಒಂದೇ ಕೈಯಿಂದ ಹಾದು ಅಂಗಳಕ್ಕೆ ಬಂದ ಗೊಂಬೆ ಅಲ್ಲಿ ಒಂದೂ ಇರಲಿಲ್ಲ.

ನಮ್ಮ ಸಂಘಗಳು ಪುಸ್ತಕ ಬಿಡುಗಡೆಗೆ ಸಭಾಂಗಣ ಕೊಡುತ್ತವೆ, ಹಾರ ಕೊಡುತ್ತವೆ. ಅದಕ್ಕಿಂತ ಆರು ತಿಂಗಳು ಮುಂಚೆ ಮೂವರು ಓದುಗರನ್ನು ಕೊಡಬಹುದಲ್ಲವೆ? ಒಬ್ಬರು ಭಾಷೆ ಬಲ್ಲವರು, ಒಬ್ಬರು ಆ ವಿಷಯ ಬಲ್ಲವರು, ಇನ್ನೊಬ್ಬರು ಏನೂ ತಿಳಿಯದ, ಬೇಸರವಾದರೆ ಬೇಸರವೆಂದು ಹೇಳಬಲ್ಲ ಎಳೆಯರು. ಯುನಿಕೋಡ್, ಇಪಬ್, ಐಎಸ್‌ಬಿಎನ್ ಕೆಲಸವನ್ನು ನಮ್ಮ ಮಕ್ಕಳು ಒಂದು ಸಂಜೆಯಲ್ಲಿ ಮಾಡಿಕೊಡುತ್ತಾರೆ. ಅದು ದೊಡ್ಡ ಸಂಗತಿಯಲ್ಲ. ಓದಿ, ನಿಷ್ಠುರವಾಗಿ ಹೇಳಿ, ಹದಿನೈದು ದಿನ ಮುನಿಸನ್ನೂ ಸಹಿಸುವವರು ಬೇಕು.

ನಮ್ಮ ಮಿತ್ರರ ಪುಸ್ತಕ ಈಗ ಮೂರನೆಯ ಕರಡಿನಲ್ಲಿದೆ. ಬೇಡಿಕೆಯಂತೆ ಮುದ್ರಿಸುವ ದಾರಿಯನ್ನೇ ಅವರು ಆರಿಸಿಕೊಂಡಿದ್ದಾರೆ. ಇ-ಪುಸ್ತಕವೂ ಜೊತೆಗೆ ಬರಲಿದೆ. ಓದಿ ಅಭಿಪ್ರಾಯ ಹೇಳಲು ಇನ್ನೊಬ್ಬರು ಬೇಕೆಂದು ಅವರೇ ಕೇಳುತ್ತಿದ್ದಾರೆ. ಬಿಡುವುಳ್ಳ ಸದಸ್ಯರು ಮುಂದಿನ ಭಾನುವಾರ ಸಂಜೆ ಸಂಘದ ಗ್ರಂಥಾಲಯಕ್ಕೆ ಬರಬಹುದು. ಪೆನ್ಸಿಲ್ ತರುವುದನ್ನು ಮರೆಯಬೇಡಿ.